ಮಿಡತೆಯ ಮೊಣಕಾಲು

ಗೋಡೆ ಎಂದರೆ ಆ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ಹಾಲಿನವನಿಂದ ಹಿಡಿದು ಮೂಲೆಮನೆಯ ಮೇಷ್ಟ್ರ ತನಕ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ವರ್ಷಗಟ್ಟಲೆ ಕ್ಲಬ್ಬುಗಳಿಗೆ ವಾಲಿಬಾಲ್ ಆಡಿ ದುಡಿದವಳು. ನೆಟ್ಟಿನ ಮುಂದೆ ಎರಡೂ ಕೈ ಎತ್ತಿ ಹಾರಿದಳೆಂದರೆ ಚೆಂಡು ಹೊಡೆದವರ ಮುಖಕ್ಕೇ ವಾಪಸು ಹೋಗುತ್ತಿತ್ತು. ಹೆಸರು ಅಲ್ಲಿಂದ ಅಂಟಿಕೊಂಡಿತು. ಈಗ ಆಟ ಬಿಟ್ಟು ಕಾಲೇಜಿನಲ್ಲಿ ಸ್ಟ್ರೆಂತ್ ಕೋಚ್ ಆಗಿದ್ದಾಳೆ. ಆಟ ಹೇಳಿಕೊಡುವವರು ಬೇರೆ. ಆಡುವ ಮೈಯನ್ನು ಗಟ್ಟಿ ಮಾಡುವವಳು ಇವಳು. ಸಭಾಂಗಣದ ಕೆಳಗಿನ ನೆಲಮಾಳಿಗೆಯಲ್ಲಿ ಅವಳ ಸಂಸಾರ: ಕಬ್ಬಿಣದ ತಟ್ಟೆಗಳು, ಸರಳುಗಳು, ರಬ್ಬರಿನ ಹಾಸು, ಬೆವರು ಒರೆಸಲು ಮನೆಯಿಂದ ತಂದ ಬಟ್ಟೆ ಚೂರುಗಳು.

ಬಟ್ಟೆ ಚೂರಿಗೆ ಮನೆಯಲ್ಲಿ ಬರವಿರಲಿಲ್ಲ. ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಯಾವ ಸಿದ್ಧ ಅಂಗಿಯೂ ತನ್ನ ಭುಜಕ್ಕೆ ಹಿಡಿಸದೆ ಅವಳು ಒಂದು ದಿನ ಅಳತೆ ಕೊಡಲು ಅವನ ಹತ್ತಿರ ಹೋಗಿದ್ದಳು. "ಅಂಗಿ ಹೊಲಿಸಿಕೊಳ್ಳೋಕೆ ಬಂದವಳು ಟೈಲರನ್ನೇ ಹೊತ್ಕೊಂಡು ಹೋದ್ಲು," ಎಂದು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಅದನ್ನೂ ಎರಡು ಸಲ ಹೇಳುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಆ ಕಡೆಯವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂಬ ಅನುಮಾನ ಅವರಿಗೆ ಇನ್ನೂ ಹೋಗಿಲ್ಲ.

ಟೈಲರನಿಗೆ ಒಬ್ಬಳು ತಂಗಿ, ಅವನಿಗಿಂತ ಬಹಳ ಚಿಕ್ಕವಳು. ಗೋಡೆ ಮದುವೆಯಾಗಿ ಆ ಮನೆಗೆ ಬಂದಾಗ ಹುಡುಗಿ ಇನ್ನೂ ಶಾಲೆಯ ಚೀಲ ಹೊರುತ್ತಿದ್ದಳು. ಎಟುಕಬಾರದೆಂದು ಮೇಲಿನ ಹಲಗೆಯಲ್ಲಿಟ್ಟ ಬಿಸ್ಕತ್ತಿನ ಡಬ್ಬವನ್ನು ಕುರ್ಚಿಯಿಲ್ಲದೆ ಹಾರಿ ತೆಗೆದದ್ದನ್ನು ನೋಡಿ, ಗೋಡೆ ಬೈಯುವ ಬದಲು "ಇನ್ನೊಂದು ಸಲ ಹಾರು ನೋಡೋಣ" ಎಂದಿದ್ದಳು. ಆವತ್ತಿನಿಂದ ಅವಳು ಮಿಡತೆ. ಈಗ ಅದೇ ಕಾಲೇಜಿನಲ್ಲಿ ಕೊನೆಯ ವರ್ಷ, ಅದೇ ಕಾಲೇಜಿನ ತಂಡದಲ್ಲಿ ಮುಖ್ಯ ಆಟಗಾರ್ತಿ. ಬೆಳಿಗ್ಗೆ ಅತ್ತಿಗೆ ನಾದಿನಿ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಮನೆಯಲ್ಲಿ "ಅತ್ತಿಗೆ", ನೆಲಮಾಳಿಗೆಯ ಬಾಗಿಲು ದಾಟಿದರೆ "ಮೇಡಂ". ಇಬ್ಬರಿಗೂ ಇದು ರೂಢಿಯಾಗಿತ್ತು, ಕಷ್ಟವೆನಿಸಿರಲಿಲ್ಲ.

ಕಷ್ಟ ಶುರುವಾದದ್ದು ಒಂದು ಭಾನುವಾರ. ಗೋಡೆ ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಅವಳ ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಕೊನೆಯ ವರ್ಷ ಕ್ಲಬ್ಬಿನವರು ನೋವಿಗೆ ಸೂಜಿ ಚುಚ್ಚಿ ಆಡಿಸಿದ್ದರು, ಅದೇ ಕೊನೆಯ ಆಟವಾಯಿತು. ಕೂತಲ್ಲಿಂದ ಅವಳಿಗೆ ಮಹಡಿಯ ಮೆಟ್ಟಿಲು ಕಾಣುತ್ತಿತ್ತು. ಮಿಡತೆ ಒಣಗಿದ ಬಟ್ಟೆಯ ರಾಶಿ ಹೊತ್ತು ಇಳಿಯುತ್ತಿದ್ದಳು. ಅಡ್ಡಡ್ಡವಾಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯುತ್ತಿದ್ದಳು.

"ಕಾಲಿಗೆ ಏನಾಯ್ತೇ?"

"ಏನಿಲ್ಲ."

"ಯಾವತ್ತಿಂದ?"

"ಏನಿಲ್ಲ ಅಂದ್ನಲ್ಲ ಅತ್ತಿಗೆ! ಬಟ್ಟೆ ಅಡ್ಡ ಇತ್ತು, ಮೆಟ್ಟಿಲು ಕಾಣ್ತಿರಲಿಲ್ಲ."

ಗೋಡೆ ಮತ್ತೆ ಕೇಳಲಿಲ್ಲ. ಮರುದಿನ ಕಾಲೇಜಿನಲ್ಲಿ ತಂಡದ ಹುಡುಗಿಯರನ್ನೆಲ್ಲ ಒಂಟಿಕಾಲಿನಲ್ಲಿ ಹಾರಿಸಿದಳು. ಮಿಡತೆ ಎಡಗಾಲಿನಲ್ಲಿ ಹಾರುವ ಮುಂಚೆ ಹಲ್ಲು ಕಚ್ಚಿದ್ದನ್ನು ನೋಡಿದಳು. ಮಧ್ಯಾಹ್ನ ತಂಡದ ಮುಖ್ಯ ಕೋಚನ್ನು ಹುಡುಕಿಕೊಂಡು ಹೋದಳು. ಸದಾ ಕೊರಳಲ್ಲಿ ಶಿಳ್ಳೆ ತೂಗಾಡಿಸುತ್ತಿದ್ದ ಅವರನ್ನು ಹುಡುಗಿಯರು ಶಿಳ್ಳೆ ಸರ್ ಎನ್ನುತ್ತಿದ್ದರು.

"ಸರ್, ನನ್ನ ನಾದಿನಿ ಹಾರೋದು ಬೇಡ. ಮೊಣಕಾಲು ನೆಟ್ಟಗಿಲ್ಲ."

"ಏನ್ ಮೇಡಂ ಹೀಗಂತೀರಿ! ಫೈನಲ್‌ಗೆ ಮೂರು ವಾರ ಇದೆ. ಕ್ಲಬ್ಬುಗಳ ಕಡೆಯವರು ನೋಡೋಕೆ ಬರ್ತಿದ್ದಾರೆ, ಅದೂ ಇವಳನ್ನೇ ನೋಡೋಕೆ."

"ಗೊತ್ತು ಸರ್. ಮನೇಲಿ ಮೆಟ್ಟಿಲು ಇಳಿಯೋಕೂ ಒದ್ದಾಡ್ತಿದ್ದಾಳೆ. ನಾನು ಕಣ್ಣಾರೆ ನೋಡಿದೀನಿ."

ಆ ಕಾಲೇಜಿನಲ್ಲಿ ಮೈಯ ವಿಷಯಕ್ಕೆ ಗೋಡೆಯ ಮಾತೇ ಕೊನೆ. ಶಿಳ್ಳೆ ಸರ್ ತಲೆ ಕೆರೆದುಕೊಂಡು ಒಪ್ಪಿದರು. ಸಂಜೆಯ ಅಭ್ಯಾಸದಲ್ಲಿ ಮಿಡತೆಯನ್ನು ಬೆಂಚಿನ ಮೇಲೆ ಕೂರಿಸಿದರು. ಯಾಕೆ ಎಂದು ಕೇಳಿದ್ದಕ್ಕೆ, ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಮಿಡತೆ ಅವತ್ತು ಅತ್ತಿಗೆಗೆ ಕಾಯದೆ ಬೇರೆ ಬಸ್ಸಿನಲ್ಲಿ ಮನೆಗೆ ಬಂದಳು. ಊಟದ ಮೇಜಿಗೆ ಬಂದವಳು ಕೂರಲಿಲ್ಲ.

"ಒಂದು ಮಾತು ಕೇಳ್ತೀನಿ ಅತ್ತಿಗೆ. ನೀವು ನನಗೆ ಅತ್ತಿಗೆನಾ, ಕೋಚಾ?"

"ಕೂತ್ಕೋ ಮೊದಲು. ಅನ್ನ ಆರುತ್ತೆ."

"ಆರಲಿ! ಕಾಲೇಜಲ್ಲಿ ನಾನು ಒಂದು ಸಲನೂ ನೋವು ಅಂತ ಹೇಳಿಲ್ಲ. ಮನೇಲಿ ನಾನು ಹೆಂಗೆ ಮೆಟ್ಟಿಲು ಇಳಿದೆ ಅನ್ನೋದನ್ನ ಅಲ್ಲಿ ಹೋಗಿ ಹೇಳಿದ್ರಲ್ಲ, ಇದು ಸರೀನಾ? ಹಂಗಾದ್ರೆ ನಾನು ಮನೇಲೂ ಎದೆ ಸೆಟೆಸ್ಕೊಂಡು ಓಡಾಡ್ಬೇಕಾ? ಎಲ್ಲಿ ಕುಂಟಲಿ ನಾನು?"

ಟೈಲರ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಅತ್ತೆಗೆ ಆಗಷ್ಟೇ ವಿಷಯ ಗೊತ್ತಾದದ್ದು.

"ಏನು, ಫೈನಲ್ ಆಡಿಸಲ್ವಂತಾ? ಆಡಿಸಲ್ವಂತಾ?" ಅವರು ಸೊಸೆಯ ಕಡೆ ತಿರುಗಿದರು. "ನಿನಗೇನಮ್ಮ ಬಂತು? ಕ್ಲಬ್ಬಿನವರು ಬಾಗಿಲಿಗೆ ಬರೋ ಹೊತ್ತಲ್ಲಿ ನೀನೇ ಅಗುಳಿ ಹಾಕಿದ್ಯಲ್ಲ!"

"ಅತ್ತೆ, ನನ್ನ ಕಾಲು ನೋಡಿದೀರಿ ನೀವು."

"ನಿನ್ನ ಕಾಲು ನಿನ್ನದು. ಅವಳ ಕಾಲು ಅವಳದು."

"ಅದನ್ನೇ ನಾನೂ ಹೇಳೋದು ಅಮ್ಮ," ಎಂದಳು ಮಿಡತೆ. "ಅತ್ತಿಗೆ ನನ್ನ ಕಾಲನ್ನ ನೋಡ್ತಾನೇ ಇಲ್ಲ. ತಮ್ಮ ಕಾಲನ್ನೇ ನೋಡ್ತಿದ್ದಾರೆ." ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳ ಎಷ್ಟೇ ಆದರೂ ಊಟ ಬಿಡುವವಳಲ್ಲ. ಅದನ್ನೂ ಅತ್ತಿಗೆಯೇ ಕಲಿಸಿದ್ದು.

ಅಲ್ಲಿಂದ ಮಾತು ನಿಂತಿತು. ಗೋಡೆ ಮತ್ತು ಟೈಲರನ ಮಗಳು ಪುಟಾಣಿ, ಎರಡನೇ ಕ್ಲಾಸಿನವಳು, ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸಕ್ಕೆ ನಿಂತಳು. "ಊಟಕ್ಕೆ ಬಾ ಅಂತ ಹೇಳು" ಎಂದು ಗೋಡೆ ಅಂದರೆ, ಹುಡುಗಿ ಹೋಗಿ, "ಮಿಡತತ್ತೆ, ಅಮ್ಮ ಅಳ್ತಾ ಇದ್ದಾಳೆ, ಊಟಕ್ಕೆ ಬರಬೇಕಂತೆ" ಎನ್ನುತ್ತಿದ್ದಳು. "ಹಸಿವಿಲ್ಲ ಅನ್ನು" ಎಂದು ಅಲ್ಲಿಂದ ಬಂದರೆ, "ಅಮ್ಮ, ಮಿಡತತ್ತೆಗೆ ನಿನ್ನ ಕಂಡ್ರೆ ತುಂಬಾ ಇಷ್ಟ ಅಂತೆ, ಆಮೇಲೆ ಬರ್ತಾಳಂತೆ" ಎಂದಾಗುತ್ತಿತ್ತು. ಗೋಡೆ ಬೇಳೆ ಕಲಕುವ ಸೌಟು ಹಿಡಿದೇ ಒಂದು ಸಲ ಜೋರಾಗಿ ನಕ್ಕುಬಿಟ್ಟಳು. ಕೋಣೆಯ ಒಳಗಿಂದಲೂ ಮೂಗಿನಲ್ಲಿ ನಕ್ಕ ಸದ್ದು ಬಂತು. ಮಾತು ಮಾತ್ರ ಬರಲಿಲ್ಲ.

ಅತ್ತೆಯ ಸಿಟ್ಟು ಬೇರೆ ಥರದ್ದು. ಪ್ರತಿ ಸಂಜೆ ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಬಿಸಿನೀರಿನ ಚೀಲ ತುಂಬಿಸಿ ಅವಳ ಮೊಣಕಾಲಿಗೆ ಕಟ್ಟುವುದು ಅವರ ಕೆಲಸ. ಅವಳು ಆಟ ಬಿಟ್ಟಾಗಿನಿಂದ ನಡೆದು ಬಂದದ್ದು. ಜಗಳದ ಮರುದಿನ ಗೋಡೆ ಚೀಲಕ್ಕೆ ತಾನೇ ನೀರು ಕಾಯಿಸಲು ಹೋದಳು. ಅತ್ತೆ ಪಾತ್ರೆ ಕಿತ್ತುಕೊಂಡರು.

"ಹೋಗಿ ಕೂತ್ಕೋ."

"ನನ್ನ ಮೇಲೆ ಸಿಟ್ಟಿದೆಯಲ್ಲ ಅತ್ತೆ, ನಾನೇ ಮಾಡ್ಕೋತೀನಿ ಬಿಡಿ."

"ಸಿಟ್ಟು ನಿನ್ನ ಮೇಲೆ. ಮೊಣಕಾಲು ನನಗೇನು ಮಾಡಿದೆ?" ಎಂದು ಚೀಲವನ್ನು ದಬ್ ಎಂದು ಅವಳ ಮಡಿಲಿಗೆ ಹಾಕಿ, ಬಾಯಿ ಬಿಗಿದುಕೊಂಡೇ ಬಟ್ಟೆ ಸುತ್ತಿದರು. ಗಂಟು ಮಾತ್ರ ಎಂದಿನಂತೆ ಹಗುರವಾಗಿತ್ತು.

ಇಬ್ಬರು ಹೆಂಗಸರ ನಡುವೆ, ಅಲ್ಲ ಮೂವರ ನಡುವೆ, ಟೈಲರನ ಸ್ಥಿತಿ ಹೊಲಿಗೆ ಯಂತ್ರಕ್ಕೆ ಸಿಕ್ಕ ಬಟ್ಟೆಯಂತಾಗಿತ್ತು. ಅವನು ಜೋರು ಮಾತಿನವನಲ್ಲ. ಹೆಂಡತಿಯ ಹೆದರಿಕೆ ಅವನಿಗೆ ಗೊತ್ತಿತ್ತು. ಆ ಕೊನೆಯ ಆಟದ ಮೇಲೆ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತವನು ಅವನೇ. ತಂಗಿ ರಾತ್ರಿ ಹೊದಿಕೆಯೊಳಗೆ ಅಳುವುದೂ ಅವನಿಗೆ ಗೊತ್ತಿತ್ತು. ಒಂದು ವಾರ ನೋಡಿದ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯ ಪರದೆ ಎಳೆದು, ತಂಗಿಯನ್ನು ಕರೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದ. ಅಲ್ಲಿಯ ತನಕದ ಧೈರ್ಯ ಅಲ್ಲಿಗೇ ಖರ್ಚಾಯಿತು. ಹೆಂಡತಿಗೆ ಹೇಳಲು ಇನ್ನೂ ಎರಡು ದಿನ ಬೇಕಾಯಿತು.

ಹೇಳಿದ್ದು ತಿಂಡಿಯ ಹೊತ್ತಿನಲ್ಲಿ. ಮಿಡತೆ, ಪುಟಾಣಿ, ಅತ್ತೆ ಎಲ್ಲರೂ ಮೇಜಿನ ಸುತ್ತ ಇದ್ದರು. ಗೋಡೆ ಮೊಟ್ಟೆ ಸುಲಿಯುತ್ತಿದ್ದಳು.

"ಡಾಕ್ಟರ ಹತ್ತಿರ ಹೋಗಿದ್ವಿ," ಎಂದ ಟೈಲರ್ ಬ್ರೆಡ್ಡಿನ ಕಡೆ ನೋಡುತ್ತ.

"ಯಾರಿಗೆ ಹುಷಾರಿಲ್ಲ?"

"ಇವಳ ಕಾಲಿಗೆ. ನರ ಹರಿದಿಲ್ಲವಂತೆ. ಮಂಡಿಚಿಪ್ಪಿನ ಕೆಳಗೆ ಊತ ಇದೆ ಅಷ್ಟೇ. ಪೂರ್ತಿ ಕೂರಿಸೋದು ಬೇಡ, ಮಿತವಾಗಿ ಆಡಬಹುದು, ಜೊತೆಗೆ ಕಾಲು ಗಟ್ಟಿ ಮಾಡೋ ವ್ಯಾಯಾಮ ಮಾಡಿಸಿ ಅಂದ್ರು. ಕಾಲೇಜಲ್ಲಿ ಕೋಚ್ ಇದ್ದಾರಾ ಅಂತ ಕೇಳಿದ್ರು." ಅವನು ಬ್ರೆಡ್ಡನ್ನು ಎರಡು ತುಂಡು ಮಾಡಿದ. "ಮನೇಲೇ ಇದ್ದಾರೆ ಅಂದೆ."

ಗೋಡೆಯ ಕೈಯಲ್ಲಿದ್ದ ಮೊಟ್ಟೆ ಅರ್ಧ ಸುಲಿದಂತೆಯೇ ಉಳಿಯಿತು.

"ನನಗೆ ಹೇಳದೆ ಹೋದ್ರಾ?"

"ಹೇಳಿದ್ರೆ ಬಿಡ್ತಿದ್ಯಾ?"

"ನಾನೇ ಕರ್ಕೊಂಡು ಹೋಗ್ತಿದ್ದೆ ರೀ!"

"ಇಲ್ಲ ಕಣೇ," ಎಂದ ಟೈಲರ್, ಮೆಲ್ಲಗೆ. "ನೀನು ಹೋಗ್ತಿರಲಿಲ್ಲ. ಅವರು ಏನಂತಾರೋ ಅಂತ ನಿನಗೆ ಭಯ. ಎಲ್ಲರಿಗಿಂತ ಹೆಚ್ಚು ಭಯ ನಿನಗೆ."

ಗೋಡೆ ಎದ್ದು, ಕೈ ತೊಳೆದು, ಚೀಲ ಹೆಗಲಿಗೇರಿಸಿ ಹೊರಟುಹೋದಳು. ತಿಂಡಿ ತಿನ್ನದೆ ಅವಳು ಮನೆ ಬಿಟ್ಟದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಸಿಟ್ಟು ಮೊದಲು ಗಂಡನ ಮೇಲೆ ಬಂತು, ಆಮೇಲೆ ಡಾಕ್ಟರ ಮೇಲೆ, ಕಾಲೇಜು ಬರುವ ಹೊತ್ತಿಗೆ ತನ್ನ ಮೇಲೆ. ಬೇರೆ ಯಾವ ಹುಡುಗಿಯಾಗಿದ್ದರೂ ಮೊದಲ ದಿನವೇ ಸ್ಕ್ಯಾನಿಗೆ ಕಳಿಸುತ್ತಿದ್ದಳು. ಇವಳನ್ನು ಮಾತ್ರ ಕಳಿಸಿರಲಿಲ್ಲ.

ಶಿಳ್ಳೆ ಸರ್ ಮೈದಾನದಲ್ಲಿ ನೆಟ್ಟು ಬಿಗಿಯುತ್ತಿದ್ದರು. ಗೋಡೆ ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದಳು.

"ಸರ್, ನಾನು ಹೇಳಿದ್ದು ಜಾಸ್ತಿಯಾಯ್ತು. ಡಾಕ್ಟರು ಮಿತವಾಗಿ ಆಡಬಹುದು ಅಂದಿದ್ದಾರೆ. ಬಾಕಿ ದಿನ ನನ್ನ ಹತ್ತಿರ ಬಿಡಿ. ಫೈನಲ್‌ನಲ್ಲಿ ಮೊದಲಿಂದ ಬೇಡ, ನಡುವೆ ಇಳಿಸಿ."

"ಅಲ್ಲ ಮೇಡಂ, ನೀವು ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ನಾನ್ಯಾರು ಮಧ್ಯೆ?" ಎಂದು ಶಿಳ್ಳೆ ಸರ್ ನಕ್ಕರು. "ನಮ್ಮ ಮನೇಲಿ ಅತ್ತಿಗೆ ನಾದಿನಿ ಜಗಳ ಆದ್ರೆ ನಾನು ಮೈದಾನಕ್ಕೆ ಬಂದ್ಬಿಡ್ತೀನಿ. ನೀವು ಮೈದಾನಕ್ಕೇ ತಂದಿದೀರಿ."

ಸಂಜೆ ಅವಳು ಮನೆಗೆ ಬಂದಾಗ ಮಿಡತೆ ಅಡುಗೆಮನೆಯಲ್ಲಿ ಒಬ್ಬಳೇ ಬಟಾಣಿ ಬಿಡಿಸುತ್ತಿದ್ದಳು. ಗೋಡೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಮೆಟ್ಟಿಲಿನ ವಿಷಯ ಅಲ್ಲಿ ಹೇಳಬಾರದಿತ್ತು," ಎಂದಳು ಗೋಡೆ. "ನಿನ್ನ ಹತ್ತಿರ ಕೂತು ಕೇಳಬೇಕಿತ್ತು. ನೀನು ಸುಳ್ಳು ಹೇಳಿದ್ರೂ ಮತ್ತೆ ಮತ್ತೆ ಕೇಳಬೇಕಿತ್ತು."

ಮಿಡತೆ ತಲೆ ಎತ್ತಲಿಲ್ಲ. "ನಾನೂ ಹೇಳಬೇಕಿತ್ತು. ಹೇಳಿದ್ರೆ ನೀವು ಕೂರಿಸ್ತೀರಿ ಅಂತ..."

"ಕೂರಿಸೇಬಿಟ್ಟೆ."

"ಹೂಂ. ಕೂರಿಸೇಬಿಟ್ರಿ."

ಇಬ್ಬರಿಗೂ ನಗು ಬಂತು. ಆಮೇಲೆ ವ್ಯಾಪಾರ ಶುರುವಾಯಿತು. ಮಿಡತೆ ಪೂರ್ತಿ ಆಟ ಕೇಳಿದಳು. ಗೋಡೆ ಒಂದು ಸೆಟ್ ಎಂದಳು. ಮಿಡತೆ ಮೂರು ಎಂದಳು. ಕೊನೆಗೆ ಎರಡಕ್ಕೆ ನಿಂತಿತು, ಅದೂ ದಿನಾ ಎರಡು ಹೊತ್ತು ವ್ಯಾಯಾಮಕ್ಕೆ ಒಪ್ಪಿದರೆ ಎಂಬ ಶರತ್ತಿನ ಮೇಲೆ. "ಇನ್ನೊಂದು," ಎಂದಳು ಗೋಡೆ. "ಆಟದ ಅಂಗಳದಲ್ಲಿ ನೋವು ಬಂದ್ರೆ ನನಗೆ ಕಾಣಲ್ಲ. ನಿನಗೆ ಮಾತ್ರ ಗೊತ್ತಾಗೋದು. ಆಮೇಲಿನದು ನಿನಗೆ ಬಿಟ್ಟದ್ದು. ಹೊರಗೆ ಬಾ ಅಂತ ನಾನು ಕೂಗಲ್ಲ."

ವ್ಯಾಯಾಮ ನೋಡಲು ಏನೂ ಇಲ್ಲ. ಮನೆಯ ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಮೊಣಕಾಲು ಬಗ್ಗಿಸಿ ನಿಲ್ಲಬೇಕು, ತೊಡೆ ನಡುಗುವ ತನಕ. ಆ ಮನೆಯ ಹಜಾರದಲ್ಲಿ ಬೆಳಿಗ್ಗೆ ಸಂಜೆ ಅದೇ ನಡೆಯಿತು. ಮಿಡತೆಯ ಪಕ್ಕ ಪುಟಾಣಿಯೂ ನಿಂತಳು. ಎರಡನೇ ದಿನ ಅತ್ತೆ, "ಇದೇನು ಮಹಾ!" ಎಂದು ಬಂದು ನಿಂತವರು ಹಾಗೆಯೇ ಜಾರಿ ನೆಲಕ್ಕೆ ಕೂತುಬಿಟ್ಟರು. "ಎತ್ತಿ, ಎತ್ತಿ!" ಎಂದು ಎರಡು ಸಲ ಕೂಗಿದ ಮೇಲೆ ಸೊಸೆ ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದಳು. ಟೈಲರ್ ದಪ್ಪ ಪರದೆ ಬಟ್ಟೆಯಿಂದ ಅಗಲವಾದ ಪಟ್ಟಿ ಹೊಲಿದುಕೊಟ್ಟ. ಅದನ್ನು ಮಂಚದ ಕಾಲಿಗೆ ಕಟ್ಟಿ, ಮೊಣಕಾಲಿನ ಹಿಂದೆ ಹಾಯಿಸಿ, ಹಿಂದಕ್ಕೆ ಒರಗಿ ಕೂತು ಏಳಬೇಕು. ಮೊದಲ ಪಟ್ಟಿ ಹರಿಯಿತು. ಎರಡನೆಯದಕ್ಕೆ ಮೂರು ಸಾಲು ಹೊಲಿಗೆ ಹಾಕಿದ. ಅದರ ತುದಿಯಲ್ಲಿ ಯಾರೂ ಕೇಳದಿದ್ದರೂ ಒಂದು ಪುಟ್ಟ ಹಸಿರು ಮಿಡತೆಯನ್ನು ಕಸೂತಿ ಮಾಡಿದ್ದ.

ಫೈನಲ್ ದಿನ ಇಡೀ ಮನೆ ಹೊರಟಿತು. ಒಳಾಂಗಣ ತುಂಬಿ ಗದ್ದಲ. ಗೋಡೆ ತಂಡದ ಬೆಂಚಿನಲ್ಲಿ, ಉಳಿದವರು ಮೇಲಿನ ಸಾಲಿನಲ್ಲಿ. ಮೊದಲ ಸೆಟ್ಟು ಹೋಯಿತು. ಎರಡನೆಯದು ಹೇಗೋ ಸಿಕ್ಕಿತು. ಮೂರನೆಯದಕ್ಕೆ ಶಿಳ್ಳೆ ಸರ್ ಮಿಡತೆಯನ್ನು ಇಳಿಸಿದರು. ಅವಳು ಹಾರಿದ್ದನ್ನು ನೋಡಿ ಅತ್ತೆ ಅಕ್ಕಪಕ್ಕದವರಿಗೆಲ್ಲ, "ನನ್ನ ಮಗಳು. ನನ್ನ ಮಗಳು," ಎಂದರು. ಆ ಸೆಟ್ಟು ಇವರದಾಯಿತು. ಕ್ಲಬ್ಬಿನ ಕಡೆಯಿಂದ ಬಂದಿದ್ದ ಬಿಳಿಗೂದಲ ಹೆಂಗಸೊಬ್ಬರು ಕುರ್ಚಿಯ ತುದಿಗೆ ಸರಿದು ಕೂತದ್ದನ್ನು ಟೈಲರ್ ದೂರದಿಂದಲೇ ಗಮನಿಸಿದ.

ನಾಲ್ಕನೆಯ ಸೆಟ್ಟಿನ ನಡುವೆ ಮಿಡತೆ ನೆಟ್ಟಿನ ಮುಂದೆ ಹಾರಿ ಇಳಿದಳು. ಬೀಳಲಿಲ್ಲ. ಕುಂಟಲೂ ಇಲ್ಲ. ಆದರೆ ಗೋಡೆಯ ಬೆರಳುಗಳು ಬೆಂಚಿನ ಅಂಚನ್ನು ಹಿಡಿದವು. ಮಿಡತೆ ತಿರುಗಿ ಬೆಂಚಿನ ಕಡೆ ನೋಡಿದಳು. ಶಿಳ್ಳೆ ಸರ್ ಕಡೆಗಲ್ಲ, ಅತ್ತಿಗೆಯ ಕಡೆಗೆ. ಬಾ ಎಂದು ಕರೆಯುವುದಕ್ಕೆ ಗೋಡೆಯ ಇಡೀ ಮೈ ತುಡಿಯಿತು. ಇರು, ಆಡು ಎನ್ನುವುದಕ್ಕೂ ತುಡಿಯಿತು, ಅದೇ ಅವಳಿಗೆ ಆಶ್ಚರ್ಯ. ಎರಡನ್ನೂ ಮಾಡದೆ ಕೂತಳು. ಇನ್ನೊಂದು ಸರ್ವ್ ಬಂತು, ಮಿಡತೆ ಇನ್ನೊಂದು ಸಲ ಹಾರಿದಳು, ಚೆಂಡು ಆಚೆ ಬಡಿದು ಅಂಕ ಬಂತು. ಜನ ಎದ್ದು ಕೂಗುತ್ತಿದ್ದಾಗ ಅವಳು ಕೈ ಎತ್ತಿ, ತನ್ನನ್ನು ಬದಲಾಯಿಸುವಂತೆ ಕೇಳಿ, ನಡೆದು ಹೊರಬಂದಳು.

ತಂಡ ಆ ಸೆಟ್ಟನ್ನೂ, ಆಮೇಲಿನದನ್ನೂ ಸೋತಿತು.

ಬೆಂಚಿನ ಮೇಲೆ ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು ಮಿಡತೆ ಟವೆಲಿನಲ್ಲಿ ಮುಖ ಮುಚ್ಚಿ ಅತ್ತಳು.

"ಇನ್ನೂ ಆಡಬಹುದಿತ್ತು ಅತ್ತಿಗೆ. ಅಷ್ಟೇನೂ ನೋವಿರಲಿಲ್ಲ. ನಾನಿದ್ದಿದ್ರೆ ಗೆಲ್ತಿದ್ವೇನೋ."

"ಗೆಲ್ತಿದ್ವೇನೋ."

"ತಪ್ಪು ಮಾಡಿದ್ನಾ?"

"ಗೊತ್ತಿಲ್ಲ ಕಣೇ," ಎಂದಳು ಗೋಡೆ. ಮಿಡತೆಯ ಬೆವರಿದ ಕೂದಲನ್ನು ಬೆರಳಿನಿಂದ ಬಿಡಿಸುತ್ತ ಕೂತಳು.

ಬಿಳಿಗೂದಲ ಹೆಂಗಸು ಅಲ್ಲಿಗೇ ಬಂದರು. ಸುತ್ತುಬಳಸು ಇರಲಿಲ್ಲ. "ಯಾಕೆ ಹೊರಗೆ ಬಂದೆ?"

ಮಿಡತೆ ಟವೆಲು ಸರಿಸಿದಳು. "ನೋವು ಬಂತು."

"ಗುಣ ಆಗೋಕೆ ಎಷ್ಟು ದಿನ?"

"ಇವರನ್ನ ಕೇಳಿ."

"ಎರಡು ತಿಂಗಳು," ಎಂದಳು ಗೋಡೆ. "ನಡುವೆ ಯಾರೂ ಅವಸರ ಮಾಡದಿದ್ರೆ."

ಆ ಹೆಂಗಸು ಗೋಡೆಯ ಮುಖವನ್ನೂ, ಅವಳು ನೀಡಿಕೊಂಡು ಕೂತಿದ್ದ ಬಲಗಾಲನ್ನೂ ನೋಡಿದರು. ಗುರುತು ಸಿಕ್ಕಿತೋ ಏನೋ, ಕೇಳಲಿಲ್ಲ. "ಸೀಸನ್ ಶುರುವಾಗೋಕೆ ಇನ್ನೂ ಟೈಮಿದೆ. ಎರಡು ತಿಂಗಳು ಬಿಟ್ಟು ಆಯ್ಕೆಗೆ ಬಾ. ಮಾತು ಕೊಡಲ್ಲ, ನೋಡ್ತೀನಿ ಅಷ್ಟೇ," ಎಂದು ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಪುಟಾಣಿ ಅಪ್ಪನ ಮಡಿಲಲ್ಲಿ. ಅತ್ತೆ ಕ್ಲಬ್ಬಿನ ಸುದ್ದಿಯನ್ನು ಎರಡೆರಡು ಸಲ ಹೇಳಿಸಿಕೊಂಡು, "ನೋಡ್ತೀನಿ ಅಂದ್ಲಾ? ನೋಡಲಿ, ನೋಡಲಿ. ಮೇಲಿಂದ ಕೆಳಗೆ ನೋಡಲಿ," ಎಂದು ಜಂಬ ಪಟ್ಟರು. ಮಿಡತೆ ಅತ್ತಿಗೆಯ ಭುಜಕ್ಕೆ ಒರಗಿದವಳು ಹಾಗೆಯೇ ಜಾರಿ, ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬಸ್ಸು ಪ್ರತಿ ಸಲ ಕುಲುಕಿದಾಗಲೂ ಗೋಡೆಯ ಬಲ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು.

"ಕಾಲು ಈಚೆ ಇಟ್ಕೊಳ್ಳಮ್ಮ, ತಾಗ್ತಿದೆ," ಎಂದರು ಅತ್ತೆ.

"ಇರಲಿ ಅತ್ತೆ. ಅಲುಗಾಡಿದ್ರೆ ಇವಳಿಗೆ ಎಚ್ಚರ ಆಗುತ್ತೆ."

ಅತ್ತೆ ಬಗ್ಗಿ, ತಮ್ಮ ಶಾಲನ್ನು ಮಡಿಸಿ, ಸೊಸೆಯ ಮೊಣಕಾಲಿಗೂ ಸೀಟಿಗೂ ನಡುವೆ ತುರುಕಿದರು. ಹೊರಗೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಬಸ್ಸು ನಿಧಾನವಾಯಿತು, ಒಂದಿಬ್ಬರು ಇಳಿದರು, ಮತ್ತೆ ಹೊರಟಿತು.

ಟೈಲರ್ ತಿರುಗಿ ಹಿಂದಿನ ಗಾಜಿನಾಚೆ ನೋಡಿದ. "ನಮ್ಮ ಸ್ಟಾಪು ಹೋಯ್ತಲ್ಲೇ."

"ಹೋಗಲಿ ಬಿಡಿ," ಎಂದಳು ಗೋಡೆ. "ಇದೇ ಬಸ್ಸು ವಾಪಸು ಬರುತ್ತಲ್ಲ."